ಕಿರೀಟಕ್ಕೆ ಆಧಾರ ಕೇಳುವ ಅನೀಸಾ

ಆರ್.ಟಿ. ನಗರದ ಓಣಿಯಲ್ಲಿ ಹಾಲಿನವರ ಸದ್ದು ಇನ್ನೂ ಇಲ್ಲ. ಬೆಳಗಿನ ನಮಾಜು ಮುಗಿಸಿದ ಅನೀಸಾ ಹೊಲಿಗೆ ಯಂತ್ರದ ಮೇಲಿನ ಬಟ್ಟೆಗಳನ್ನು ಒತ್ತರಿಸಿ, ಅಲ್ಲೇ ಹಳೆಯ ಲ್ಯಾಪ್‌ಟಾಪ್ ತೆರೆಯುತ್ತಾರೆ. ಆನ್‌ಲೈನ್ ವಿಶ್ವಕೋಶದಲ್ಲಿ, ಯಾರು ಬೇಕಾದರೂ ತಿದ್ದಬಹುದಾದ ಸೌಂದರ್ಯ ಸ್ಪರ್ಧೆಗಳ ಪುಟದಲ್ಲಿ, ಯಾರೋ ಒಬ್ಬ ಸುಂದರಿಯನ್ನು ಎರಡಿಂಚು ಎತ್ತರ ಮಾಡಿದ್ದಾರೆ. ಇನ್ನೊಬ್ಬಳಿಗೆ ಗೆಲ್ಲದ ಕಿರೀಟ ತೊಡಿಸಿದ್ದಾರೆ. ಅನೀಸಾ ಚಹಾ ಹೀರುತ್ತಾ ಎರಡನ್ನೂ ಅಳಿಸುತ್ತಾರೆ.

ಗಂಡ ದಸ್ತಗೀರ್ ಯಶವಂತಪುರದ ಮಾರ್ಕೆಟ್ಟಿಗೆ ಹೊರಟು ನಿಂತಿದ್ದಾರೆ. ಮನೆಯ ಮಾತು ದಖ್ಖನಿ ಉರ್ದು. ಪತ್ರಿಕೆಗೆ ಬರೆಯಲು ಬಂದಿರುವ ನಾನಿದ್ದೇನೆಂದು ಕನ್ನಡದಲ್ಲೇ ಕಾಲೆಳೆಯುತ್ತಾರೆ. “ಬೆಳಿಗ್ಗೆ ಬೆಳಿಗ್ಗೆನೇ ಯಾರ ಕಿರೀಟ ಕಿತ್ಕೊಂಡ್ರಿ ಮೇಡಮ್?”

“ನಿಮ್ಮ ಮೂಟೇಲಿ ಕೊಳೆತ ಈರುಳ್ಳಿ ಇದ್ರೆ ಆರಿಸಿ ಬಿಸಾಕಲ್ವಾ? ಇದೂ ಅದೇ. ಹೋಗ್ರೀ, ಲೇಟಾಯ್ತು.”

ಹಗಲೆಲ್ಲ ಅನೀಸಾ ಸೀರೆಗೆ ಫಾಲ್ಸ್ ಹಾಕುತ್ತಾರೆ, ಗೌನುಗಳನ್ನು ಅಳತೆಗೆ ತರುತ್ತಾರೆ. ಹಿಂದೊಮ್ಮೆ ರಾಷ್ಟ್ರಮಟ್ಟದ ಸೌಂದರ್ಯ ಸ್ಪರ್ಧೆಗೆ ಹೊರಟಿದ್ದ ಹುಡುಗಿಯೊಬ್ಬಳ ಗೌನನ್ನು ಸೊಂಟದ ಹತ್ತಿರ ಹಿಡಿದು ಬಿಗಿ ಮಾಡಿಕೊಟ್ಟಿದ್ದರು. ಆಮೇಲೆ ಆಸೆಯಿಂದ ವಿಶ್ವಕೋಶ ನೋಡಿದರೆ, ಬೆಂಗಳೂರಿನ ಆ ಹುಡುಗಿ ಬೇರೆ ರಾಜ್ಯದವಳಾಗಿದ್ದಳು! ಪತ್ರಿಕೆಯ ಸುದ್ದಿಯನ್ನು ಆಧಾರ ಕೊಟ್ಟು ತಿದ್ದಿದರು. ಯಾರೋ ಮತ್ತೆ ತಪ್ಪನ್ನೇ ತಂದಿಟ್ಟರು. “ಹೊಲಿಗೆ ಬಿಚ್ಚಿ ಮತ್ತೆ ಹಾಕೋದು ನನಗೇನು ಹೊಸದಾ? ನಾನೂ ಬಿಡ್ಲಿಲ್ಲ” ಎನ್ನುತ್ತಾರೆ.

ಅಂದಿನಿಂದ ಇಂಥ ಸ್ಪರ್ಧೆಗಳ ಪುಟಗಳಿಗೆ ಅವರದೇ ಕಾವಲು. ಸಂಬಳವಿಲ್ಲ, ಬೈಗುಳ ಧಾರಾಳ. “ಹೊಟ್ಟೆಕಿಚ್ಚು ಆಂಟಿ ಅಂತ ಬರೀತಾರೆ ಕಣ್ರೀ. ಹೊಟ್ಟೆಕಿಚ್ಚು ಹೋಗ್ಲಿ, ಆಂಟಿ ಅಂತ ಹೆಂಗ್ ಗೊತ್ತಾಯ್ತು?”

ನಮ್ಮಜ್ಜಿ ಕಥೆ ಹೇಳುವಾಗ “ನೀನು ನೋಡಿದ್ಯಾ?” ಎಂದರೆ, “ಸುಮ್ನೆ ಹೂಂಗುಟ್ಟು” ಎಂದು ಗದರುತ್ತಿದ್ದಳು. ಏಳು ಮಲ್ಲಿಗೆ ತೂಕದ ರಾಜಕುಮಾರಿಯನ್ನು ತೂಗಿದವರು ಯಾರೆಂದು ನಾನು ಕೇಳಲೇ ಇಲ್ಲ. ಅನೀಸಾ ಕೇಳುತ್ತಾರೆ.

ಈಗ ಅವರ ನಿದ್ದೆ ಕೆಡಿಸಿರುವುದು ಯಲಹಂಕದ ಪುಟ್ಟೇನಹಳ್ಳಿಯಲ್ಲಿರುವ, ಹುಬ್ಬಳ್ಳಿ ಕಡೆಯ ನಿವೃತ್ತ ಟೀಚರ್ ಒಬ್ಬರು. ಈಗ ನಿಂತುಹೋಗಿರುವ ಒಂದು ರಾಷ್ಟ್ರೀಯ ಸ್ಪರ್ಧೆಯಲ್ಲಿ, ತಮ್ಮ ಪ್ರಾಯದಲ್ಲಿ, ಮೂರನೆಯ ಸ್ಥಾನ ಗೆದ್ದವರು. ವಿಶ್ವಕೋಶದ ಪುಟದಲ್ಲಿ ಆ ಜಾಗದಲ್ಲಿ ಬೇರೊಬ್ಬಳ ಹೆಸರಿತ್ತು. “ಅಜ್ಜೀ, ಬರೀ ಬಂಡಲ್ ಬಿಡ್ತೀಯ” ಎಂದು ಮೊಮ್ಮಗಳು ನಕ್ಕಳು. ಟೀಚರ್ ಆ ದಿನ ಊಟ ಮಾಡಲಿಲ್ಲ. ಗಾಬರಿಯಾದ ಮೊಮ್ಮಗಳೇ ಆ ಪುಟದ ಚರ್ಚೆಯ ಅಂಕಣದಲ್ಲಿ ದೂರು ಬರೆದಳು. ಅದನ್ನೋದಿದ ಅನೀಸಾ ಪುಟದಲ್ಲಿ ಯಾರು ಯಾವಾಗ ಏನು ತಿದ್ದಿದ್ದರೆಂದು ಕೆದಕಿದರು.

ತಪ್ಪು ಹೆಸರಿಗೂ ಆಧಾರವಿತ್ತು: ಒಂದು ಪತ್ರಿಕಾ ಲೇಖನ. ಆದರೆ ಹೆಸರು ಪುಟಕ್ಕೆ ಬಂದದ್ದು ಮೊದಲು, ಲೇಖನ ಅಚ್ಚಾದದ್ದು ಆಮೇಲೆ. “ಪೇಪರ್‌ನವ್ರು ನಮ್ಮ ಪುಟ ನೋಡಿ ಬರೆದ್ರು. ನಮ್ಮವ್ರು ಪೇಪರ್ ನೋಡಿ ಆಧಾರ ಅಂದ್ರು. ಇವ್ರನ್ನ ಅವ್ರು ನಂಬಿದ್ರು, ಅವ್ರನ್ನ ಇವ್ರು. ಕಣ್ಣಾರೆ ಕಂಡವ್ರು ಯಾರೂ ಇಲ್ಲ!” ಅನೀಸಾ ಆ ಹೆಸರು ತೆಗೆದರು. ಜಾಗ ಖಾಲಿಯಾಯಿತು.

ಟೀಚರನ್ನು ನೋಡಲು ಅವರು ಯಲಹಂಕದ ಬಸ್ ಹತ್ತಿದಾಗ ನಾನೂ ಜೊತೆಗಿದ್ದೆ. ಟೀಚರ್ ಟ್ರಂಕಿನಿಂದ ಸ್ಪರ್ಧೆಯಲ್ಲಿ ಹೆಗಲಿಗೆ ಹಾಕಿದ್ದ ರೇಷ್ಮೆ ಪಟ್ಟಿ, ಅದನ್ನು ತೊಟ್ಟ ಫೋಟೊ ತೆಗೆದರು. ಅನೀಸಾ ಪಟ್ಟಿಯ ಅಂಚನ್ನು ಬೆರಳಲ್ಲಿ ಸವರಿದರು.

“ನಾನು ನಂಬ್ತೀನಿ ಅಕ್ಕಾ. ಆದ್ರೆ ನಾನು ನಂಬಿದ್ರೆ ಸಾಲಲ್ಲ. ಎಲ್ಲಾದ್ರೂ ಅಚ್ಚಾಗಿರ್ಬೇಕು.”

“ಗೆಲ್ಲಾಕ ಇಷ್ಟ್ ಪರೀಕ್ಷಾ ಇರ್ಲಿಲ್ಲ ನಮ್ಮವ್ವಾ!” ಎಂದ ಟೀಚರ್ ನನ್ನತ್ತ ತಿರುಗಿದರು. “ಈಕಿ ಪೇಪರ್‌ನಾಕಿ ಅದಾಳಲ್ಲ, ಈಕೀನ ಬರದ್ರ ಆತಲ್ಲ? ಅಚ್ಚಾಕ್ಕೇತಿ.”

ನನಗೂ ಅದೇ ಅನ್ನಿಸಿತ್ತು. ಅನೀಸಾ ಒಪ್ಪಲಿಲ್ಲ. “ಬೇಡ ಮೇಡಮ್. ನಿಮಗೆ ಹೇಳಿದ್ದೇ ನಾವು. ನೀವು ಬರೆದದ್ದನ್ನ ನಾನೇ ಆಧಾರ ಅಂತ ಕೊಟ್ರೆ, ಆ ತಪ್ಪು ಹೆಸರು ಹಾಕಿದವ್ರಿಗೂ ನನಗೂ ಏನ್ ವ್ಯತ್ಯಾಸ? ಅಕ್ಕನ ಹೆಸರು, ಸ್ಪರ್ಧೆ, ವರ್ಷ, ಯಾವ್ದೂ ಬರೀಬೇಡಿ.” ಹಾಗಾಗಿ ಇಲ್ಲಿ ಯಾವುದೂ ಇಲ್ಲ.

ಟೀಚರ್ ಮುಖ ಸಣ್ಣದಾಯಿತು. ಪಟ್ಟಿಯನ್ನು ನಿಧಾನವಾಗಿ ಮಡಿಚಿ, “ಹಂಗಾರ ಲಗೂನ ಹುಡುಕವಾ. ನನಗೂ ವಯಸ್ಸಾತು” ಎಂದರು.

ರಜೆಯ ದಿನ ಅನೀಸಾ ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಸಿ ಕೂರುತ್ತಾರೆ. ಧೂಳಿಗೆ ಸೀನುತ್ತಾರೆ, ದುಪಟ್ಟಾ ಮೂಗಿಗೆ ಕಟ್ಟಿ ಮತ್ತೆ ಪುಟ ತಿರುವುತ್ತಾರೆ. ಹೆಚ್ಚಿನವು ಗೆದ್ದವಳ ಫೋಟೊ ಹಾಕಿ ಉಳಿದವರನ್ನು ಮರೆತಿವೆ.

ಸಿಗುತ್ತದೆಯೇ, ಎನ್ನುತ್ತೇನೆ.

“ಅಕ್ಕ ಇರೋವಾಗ್ಲೇ ಸಿಗ್ಲಿ ಅಂತ ದುವಾ ಮಾಡ್ತೀನಿ. ಅವ್ರ ಹೆಸರು ನಾನೇ ಹಾಕ್ಬೇಕು. ನಾಳೆ ನನ್ನಂಥ ಇನ್ನೊಬ್ಳು ಬಂದು ಎಷ್ಟು ಕೆದಕಿದ್ರೂ ಅದು ಅಲ್ಲಾಡ್ಬಾರ್ದು. ಹಂಗ್ ಹಾಕ್ಬೇಕು.”