ಬಳುವಳಿ ಹಸುವಿನ ಒದೆ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆ. ನಾನು ಗೆದ್ದದ್ದು ಒಂದು ಕೆಂಪು ಹಸುವನ್ನು, ಅದರ ಒದೆಯ ಸಮೇತ.

ಹುಣಸೂರಿನ ಕೋರ್ಟು ನನ್ನ ಮತ್ತು ಗಂಡನ ವಿಚ್ಛೇದನದ ಜೊತೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಪಾಲು ಮಾಡಿತು. ಇಬ್ಬರ ಹೆಸರಿನಲ್ಲಿದ್ದ ಸೈಟು ಅರ್ಧರ್ಧ. ಮದುವೆಯಲ್ಲಿ ತವರಿನವರು ಬಳುವಳಿ ಕೊಟ್ಟಿದ್ದ ಬೀರು, ಪಾತ್ರೆ, ಹಸು ನನಗೆ. ಏಳು ವರ್ಷದ ಮಗಳು ನನ್ನ ಹತ್ತಿರ. ತಿಂಗಳಿಗೆ ಎರಡು ಭಾನುವಾರ, ದಸರಾ ರಜೆಯಲ್ಲಿ ಅರ್ಧ, ಮೈಸೂರಿನಲ್ಲಿರುವ ಅಪ್ಪನ ಹತ್ತಿರ. ಗುರುಪುರದ ತವರಿಗೆ ಬಂದ ದಿನ ಮಗಳಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಒಂದೇ ಪ್ರಶ್ನೆ ಹಾಕಿದಳು. "ಅಜ್ಜಿಗೆ ಯಾವ ಭಾನುವಾರ?"

ಅಜ್ಜಿ ಅಂದರೆ ಬೆಟ್ಟದಪುರದ ನನ್ನ ಅತ್ತೆ. ಮಗುವನ್ನು ಎತ್ತಿ ಆಡಿಸಿದವರು ಅವರೇ. ಅವರ ಸುದ್ದಿ ಆದೇಶದಲ್ಲಿ ಇರಲಿಲ್ಲ, ನಾವು ಯಾರೂ ಕೇಳಿರಲೂ ಇಲ್ಲ. ಕೇಸು ಮುಗಿಯುವವರೆಗೂ ಮಗನ ಪಕ್ಕ ಮುಖ ಊದಿಸಿಕೊಂಡು ಕೂತಿದ್ದವರನ್ನು ನಾನಾಗಿ ಕರೆಯುವುದೇ? ನನಗೆ ಹಠ, ಅವರಿಗೆ ನನ್ನದರ ಎರಡರಷ್ಟು. ಮಗಳು ಮಾತ್ರ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದಳು.

ಬೆಟ್ಟದಪುರದಲ್ಲಿ ಹಸುವನ್ನು ದಿನಾ ಕರೆಯುತ್ತಿದ್ದವರು ಅತ್ತೆ. ಇಲ್ಲಿ ನಾನು ಕೂತೆ, ಒದೆಯಿತು. ಚೊಂಬು ತಿಪ್ಪೆ ಸೇರಿತು. ನಮ್ಮಮ್ಮ ಕೂತರು, ಅವರಿಗೂ ಅದೇ ಸತ್ಕಾರ. ಕರುವಿಗೆ ಹಾಲು, ನಮಗೆಲ್ಲ ಒದೆ. ಕೊನೆಗೆ ಸೋತು ಮಗಳ ಕೈಗೆ ಫೋನು ಕೊಟ್ಟೆ. "ಅಸ ಆಲೇ ಕೊಡ್ತಿಲ್ಲ ಕಣಜ್ಜಿ," ಅಂದಳು.

ಮರುದಿನ ಬೆಳಿಗ್ಗೆಯೇ ಅತ್ತೆ ಬಸ್ಸಿಳಿದರು. "ನಿನ್ ಮೊಕ ನೋಡಕ್ ಬಂದಿಲ್ಲ ಕಣವ್ವ. ಬಸ್ಸು ಪ್ರೀ ಅಲ್ವಾ, ಅಸ ನೋಡ್ಕಂಡ್ ವೋಗವ ಅಂತ ಬಂದೆ," ಅಂದವರೇ ಸೆರಗು ಸಿಕ್ಕಿಸಿ ಹಸುವಿನ ಪಕ್ಕ ಕೂತರು. ಮಗಳು ಅವರ ಬೆನ್ನಿಗೆ ಜೋತುಬಿದ್ದು ಸ್ಕೂಲಿನ ಕಥೆಯೆಲ್ಲ ಒಂದೇ ಉಸಿರಿಗೆ ಒದರಿದಳು. ಚೊಂಬು ತುಂಬಿ ನೊರೆ ಉಕ್ಕಿತು. ಆ ಮೂವರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು!

ಅತ್ತೆ ಕೆಲವು ದಿನ ಉಳಿದು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹಸುವಿಗೆ ನನ್ನ ಕೈ ಪಳಗಿಸಿದರು. ಹೊರಡುವ ದಿನ, "ಎಲ್ಲಿ, ನೀನೊಬ್ಳೇ ಕರಿ ನೋಡವ," ಅಂದರು. ಹಾಳು ಹಸು, ಕಲ್ಲಿನ ಬಸವನ ಹಾಗೆ ನಿಂತು ಚೊಂಬು ತುಂಬಿಸಿತು. ಅತ್ತೆಯ ಮುಖ ಬಾಡಿತು. ಮಗಳದ್ದೂ ಬಾಡಿತು.

ನಾನೆಂದೆ, "ಇವತ್ತೇನೋ ಸುಮ್ನೆ ನಿಂತದೆ ಅತ್ತೆ. ಭಾನುವಾರ ಒದೆಯೋದು ಗ್ಯಾರಂಟಿ."

ಅತ್ತೆ ತುಂಬಿದ ಚೊಂಬು ನೋಡಿದರು, ಮೊಮ್ಮಗಳನ್ನು ನೋಡಿದರು. "ಊ ಕಣವ್ವ, ಇದ್ರ ಬುದ್ಧಿ ನಂಗೊತ್ತಿಲ್ವಾ? ಒದ್ದೇ ಒದೀತದೆ. ಬತ್ತೀನಿ ಬುಡು."

ಆಮೇಲೆ ಆ ಹಸು ಒಂದು ದಿನವೂ ಕಾಲೆತ್ತಿಲ್ಲ. ಅಪ್ಪನ ಪಾಲಿಗೆ ಸೇರದ ಭಾನುವಾರಗಳಲ್ಲೆಲ್ಲ ಅತ್ತೆ, ಒದೆಯುವ ಹಸುವನ್ನು ಸಂಭಾಳಿಸಲು ತಪ್ಪದೆ ಬರುತ್ತಾರೆ.