ನಾನು ಗೊತ್ತು ಮಾಡಿದ ಮದುವೆ

ಮಹಾನಂದಾಳ ಮದುವೆ ಗೊತ್ತು ಮಾಡಿದವಳು ನಾನು. ಅವಳಪ್ಪ ಅಲ್ಲ, ಅಫಜಲಪುರ ಕಡೆಯ ಬೀಗರೂ ಅಲ್ಲ— ನಾನು. ಒಂದು ಸುಳ್ಳು ಹೇಳಿದೆ, ಅಷ್ಟೇ. ಅದರಿಂದ ನನಗೆ ಗ್ರಂಥಾಲಯದ ನೌಕರಿ ಸಿಕ್ಕಿತು, ಅವಳಿಗೆ ಬೇಡವಾಗಿದ್ದ ಗಂಡ ಸಿಕ್ಕ. ಅಂದಿನಿಂದ ಇಂದಿನವರೆಗೆ ನಾನು ಅಂಜಿಕೊಂಡೇ ಬದುಕಿದ್ದೇನೆ.

ಅಂಜಿಕೆ ಅಂದರೆ ಎಂಥದ್ದು ಅಂತ ಹೇಳಬೇಕು. ಈಗ ನಾನಿರುವುದು ಜೇವರ್ಗಿಯ ಸಾರ್ವಜನಿಕ ಗ್ರಂಥಾಲಯದಲ್ಲಿ. ಬಸ್ ನಿಲ್ದಾಣಕ್ಕೆ ಹೋದಾಗ ಅಫಜಲಪುರದ ಬೋರ್ಡಿನ ಬಸ್ಸು ಬಂದು ನಿಂತರೆ ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದಕ್ಕೆ ಸರಿಯುತ್ತೇನೆ. ಇಲಾಖೆಯಲ್ಲಿ ಕಾಯಂ ಹುದ್ದೆ ಸಿಕ್ಕಾಗ ನನಗೆ ಮೊದಲು ಕೊಟ್ಟ ಊರು ಅಫಜಲಪುರವೇ. ಇಲ್ಲದ ಬೆನ್ನುನೋವು ಹೇಳಿ, ಮೇಲಿನವರ ಮುಂದೆ ಕಣ್ಣೀರು ಹಾಕಿ ಊರು ಬದಲಿಸಿಕೊಂಡೆ. ಮಂದಿ ಒಳ್ಳೆಯ ಊರು ಸಿಗಲಿ ಅಂತ ಓಡಾಡಿದರೆ ನಾನು ಒಬ್ಬ ಹೆಂಗಸಿನ ಮುಖ ಕಾಣದ ಊರು ಸಿಗಲಿ ಅಂತ ಓಡಾಡಿದೆ. ಅಲ್ಲಿಗೆ ಹೋಗಿದ್ದರೆ ವಾರದ ಸಂತೆಯಲ್ಲಿ ಎಂದಾದರೂ ಅವಳು ಎದುರಾಗುತ್ತಿದ್ದಳು. ಎದುರಾಗಿ ಏನು ಮಾಡುತ್ತಿದ್ದಳು? ನಗುತ್ತಿದ್ದಳು— ಅದೇ ನನ್ನ ಭಯ. ಅವಳಿಗೆ ಏನೂ ಗೊತ್ತಿರಲಿಲ್ಲ.

ನಮ್ಮೂರು ಆಳಂದದಿಂದ ಸರಸಂಬಾ ಕಡೆ ಹೋಗುವ ದಾರಿಯಲ್ಲಿದೆ. ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಒಂದು ಕೋಣೆ, ಅದೇ ಊರ ಗ್ರಂಥಾಲಯ. ಅದನ್ನು ನೋಡಿಕೊಳ್ಳುತ್ತಿದ್ದ ಗುರುಪಾದಪ್ಪ ಕಾಕಾಗೆ ಕಣ್ಣು ಮಂಜಾಗಿತ್ತು. ಬಾಗಿಲು ತೆರೆಯುವುದು, ಪತ್ರಿಕೆ ಹರವುವುದು, ಪುಸ್ತಕ ಕೊಡುವುದು ಎಲ್ಲ ಮಹಾನಂದಾಳದೇ. ಯಾರೂ ಅವಳಿಗೆ ಮಾಡು ಅಂದಿರಲಿಲ್ಲ, ಯಾರೂ ಏನೂ ಕೊಡುತ್ತಿರಲಿಲ್ಲ. ನಾವಿಬ್ಬರೂ ಆಳಂದದಲ್ಲಿ ಪಿಯುಸಿ ಮುಗಿಸಿದ ಗೆಳತಿಯರು. ನಾನು ಜಗದೇವಿ, ಅವಳ ಬಾಯಲ್ಲಿ ಜಗ್ಗಿ.

ಗ್ರಂಥಾಲಯದ ಕಟ್ಟೆಯ ಮೇಲೆ ಸದಾ ಗಂಡಸರು. ಪತ್ರಿಕೆ ಓದುವವರು ಒಬ್ಬಿಬ್ಬರು, ಉಳಿದವರು ಓದುವವರನ್ನು ನೋಡುವವರು. ಹೆಂಗಸರು ಅಲ್ಲಿ ಕಾಲಿಡುತ್ತಿರಲಿಲ್ಲ. ಅದಕ್ಕೆ ಮಹಾನಂದಾ ಪುಸ್ತಕಗಳನ್ನು ಹಿಟ್ಟಿನ ಗಿರಣಿಗೆ ಒಯ್ದಳು. ಜೋಳ ಬೀಸಿಸಲು ಬಂದ ಹೆಂಗಸರು ಸರದಿಗೆ ಕಾಯುತ್ತ ಕೂಡುವ ಜಾಗ ಅದು. ಹಿಟ್ಟಿನ ಡಬ್ಬಿಯ ಮೇಲೆ ಒಂದು ಪುಸ್ತಕ ಇಟ್ಟು ಕಳಿಸುತ್ತಿದ್ದಳು. ಮುಂದಿನ ಸಲ ಬೀಸಿಸಲು ಬಂದಾಗ ಪುಸ್ತಕವೂ ಜೋಳದ ಜೊತೆ ತಿರುಗಿ ಬರುತ್ತಿತ್ತು, ಹಾಳೆಗಳ ನಡುವೆ ಹಿಟ್ಟು ಮೆತ್ತಿಕೊಂಡು. ಅದನ್ನು ಒದರಿ ಕೊಡವಿ ಇಡುವುದು ನಮ್ಮಿಬ್ಬರ ಕೆಲಸ. ಈ ಗಿರಣಿಯ ಸಂಗತಿ ನೆನಪಿಟ್ಟುಕೊಳ್ಳಿ— ಮುಂದೆ ಅದಕ್ಕಾಗಿಯೇ ಇಲಾಖೆಯವರು ನನಗೆ ಶಾಲು ಹೊದಿಸಿದರು. ಹೊದಿಸಿಕೊಂಡೆ. ಆ ಶಾಲು ಈಗಲೂ ಟ್ರಂಕಿನಲ್ಲಿದೆ.

ಕಾಕಾ ತೀರಿಕೊಂಡ ಮೇಲೆ ಮೇಲ್ವಿಚಾರಕರ ಜಾಗಕ್ಕೆ ನಾವಿಬ್ಬರೂ ಅರ್ಜಿ ಹಾಕಿದೆವು. ಊರಲ್ಲೇ ಇರುವವರಿಗೆ ಮಾತ್ರ ಆ ಕೆಲಸ. ನನ್ನನ್ನು ಊರಲ್ಲೇ ಇದ್ದ ಸೋದರಮಾವನಿಗೆ ಕೊಟ್ಟಿದ್ದರಿಂದ ನಾನು ಊರು ಬಿಡುವವಳಲ್ಲ. ಆದರೆ ಕೆಲಸ ಸಿಗದಿದ್ದರೆ ಗಂಡನ ಜೊತೆ ಪುಣೆಗೆ, ಕಟ್ಟಡದ ಕೆಲಸಕ್ಕೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಹೊಟ್ಟೆಯಲ್ಲಿ ಮಗು. ತಲೆಯ ಮೇಲೆ ಇಟ್ಟಿಗೆ ಹೊರುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ— ಇದನ್ನು ಯಾಕೆ ಹೇಳುತ್ತಿದ್ದೇನೆ? ನೀವು ಅಯ್ಯೋ ಪಾಪ ಅನ್ನಲಿ ಅಂತ. ಬೇಡ. ಮಹಾನಂದಾಳಿಗೂ ಆ ಕೆಲಸ ಬೇಕಿತ್ತು, ನನಗಿಂತ ಹೆಚ್ಚು ಬೇಕಿತ್ತು.

ಅಫಜಲಪುರ ಕಡೆಯಿಂದ ಅವಳನ್ನು ನೋಡಲು ಬಂದು ಹೋಗಿದ್ದರು. ಕಬ್ಬಿನ ಹೊಲ ಇದ್ದವರು. ಅವಳಿಗೆ ಮನಸ್ಸಿರಲಿಲ್ಲ. ಗಂಡು ಮಕ್ಕಳಿಲ್ಲದ ಅವಳಪ್ಪ, ನೌಕರಿ ಆದರೆ ಮನೆ ಅಳಿಯನನ್ನೇ ತಂದುಕೊಳ್ಳೋಣ, ನೀನು ಎಲ್ಲಿಗೂ ಹೋಗುವುದು ಬೇಡ ಅಂದಿದ್ದ. ಇದನ್ನು ಅವಳು ಹೇಳಿದ್ದು ನನ್ನೊಬ್ಬಳಿಗೇ. ಗಿರಣಿಯ ಸದ್ದಿನಲ್ಲಿ, ಕಿವಿಗೆ ಬಾಯಿ ಹಚ್ಚಿ ಹೇಳಿದ್ದಳು.

ಪಂಚಾಯಿತಿಯಲ್ಲಿ ನಮ್ಮನ್ನು ಕರೆದ ದಿನ ತಾಲೂಕಿನಿಂದ ಸಾಹೇಬರೊಬ್ಬರು ಬಂದಿದ್ದರು. ಅವರಿಗೆ ಚಹಾ ಮಾಡುವ ಕೆಲಸವೂ ಮಹಾನಂದಾಳ ಪಾಲಿಗೇ ಬಂದಿತ್ತು. ಗ್ರಂಥಾಲಯದ ಮೂಲೆಯಲ್ಲಿ ಸ್ಟವ್ ಹಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿ ನಕ್ಕಳು.

“ನೀ ಮೊದ್ಲ ಹೋಗ ಬೇ. ಹೊರಗ ಬರೂದ್ರಾಗ ನಿನಗೂ ಚಾ ಮಾಡಿ ಇಟ್ಟಿರ್ತೇನಿ. ಅಂಜಬ್ಯಾಡ.”

ಒಳಗೆ ಹೋದೆ. ಏನೇನೋ ಕೇಳಿದರು, ಏನೇನೋ ಹೇಳಿದೆ. ಕೊನೆಗೆ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಾರ್ಕ್ಸ್ ಆ ಮಾನಂದಾಂದೇ ಜಾಸ್ತಿ ಅದಾವ. ಕೆಲಸಾನೂ ಆಕಿಗಿ ಗೊತ್ತದ. ಆದರ ನಾಳಿ ಮದುವಿ ಆಗಿ ಹೋದ್ಲಂದ್ರ ಲೈಬ್ರರಿಗಿ ಮತ್ತ ಕೀಲಿ. ಎಲ್ಲ್ಯಾರ ಗಟ್ಟಿ ಆಗ್ಯಾದೇನವಾ? ನೀ ಗೆಳತಿ, ನಿನಗ ಗೊತ್ತಿರ್ತದ.”

ಹುಡುಗಿಯ ಮದುವೆಯ ಮಾತನ್ನು ಆ ಹುಡುಗಿಯ ಬಾಯಿಂದಲೇ ಕೇಳುವುದು ನಮ್ಮ ಕಡೆ ರೂಢಿಯಲ್ಲ. ಅದು ಮರ್ಯಾದೆಯಲ್ಲ ಅಂತ. ಗೆಳತಿಯನ್ನು ಕೇಳುತ್ತಾರೆ, ಸೋದರತ್ತೆಯನ್ನು ಕೇಳುತ್ತಾರೆ. ಅವರು ಹೇಳಿದ್ದೇ ಖರೆ. ನಾನು ಹೇಳಿದರೆ ಅದನ್ನು ಯಾರೂ ಅವಳ ಹತ್ತಿರ ಹೋಗಿ ಕೇಳಿ ನೋಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ— ಇದನ್ನು ಬರೆಯಲೇಬೇಕು— ಗೊತ್ತಿದ್ದೇ ಬಾಯಿ ತೆರೆದೆ.

“ಹೌದ್ರಿ. ಅಫಜಲಪುರ ಕಡಿ ಗಟ್ಟಿ ಆಗ್ಯಾದ್ರಿ. ಸಕ್ಕರಿ ಹಂಚೂದು ಒಂದೇ ಬಾಕಿ.”

ನಿಶ್ಚಯದ ದಿನ ಹಂಚುವ ಆ ಸಕ್ಕರೆಯ ಮಾತು ಎಲ್ಲಿಂದ ಬಂತೋ. ಬರೀ ಹೌದ್ರಿ ಅಂದಿದ್ದರೂ ಸಾಕಿತ್ತು. ಸುಳ್ಳು ಹೇಳುವವರು ಒಂದು ಹಿಡಿ ಹೆಚ್ಚೇ ಹಾಕುತ್ತಾರೆ.

ಹೊರಗೆ ಬಂದೆ. ಗಾಜಿನ ಲೋಟ ಸೆರಗಿನಲ್ಲಿ ಹಿಡಿದು ನಿಂತಿದ್ದಳು, ಬಿಸಿ ಇತ್ತು.

“ಏನ್ ಕೇಳಿದ್ರು?”

“ನಿನ್ನ ಬಗ್ಗೆನೂ ಕೇಳಿದ್ರು. ಛಲೋನೇ ಹೇಳೀನಿ.”

“ನೀ ಹೇಳಿದ ಮ್ಯಾಲ ಆಯ್ತು ಬಿಡು,” ಅಂದಳು. ನಾನು ಆ ಚಹಾ ಕುಡಿದೆ.

ಅವಳನ್ನು ಒಳಗೆ ಕರೆದಾಗ ಹೆಸರು, ಓದು ಕೇಳಿ ಕಳಿಸಿದರು. ಮದುವೆಯ ಸುದ್ದಿ ಎತ್ತಲಿಲ್ಲ. ಎತ್ತುವುದಿಲ್ಲ ಅಂತ ಹೇಳಿದೆನಲ್ಲ.

ನೌಕರಿ ನನಗಾಯಿತು. ಅಲ್ಲಿಗೆ ಮುಗಿದಿದ್ದರೆ— ಇಲ್ಲ, ಮುಗಿಯುವುದಿಲ್ಲ. ಅಧ್ಯಕ್ಷರು ಒಳ್ಳೆಯ ಮನುಷ್ಯ. ಆ ಸಂಜೆ ಕಟ್ಟೆಯ ಮೇಲೆ, ಎಲ್ಲರ ಎದುರು, ಮಹಾನಂದಾಳ ಅಪ್ಪನನ್ನು ತಡೆದು ಸಕ್ಕರೆ ಎಲ್ಲಿ ಅಂತ ನಗೆಯಾಡಿದರು. ಬರೀ ತಮಾಷೆ ಅಂದುಕೊಂಡು ಅವನೂ ನಕ್ಕ. ಅಧ್ಯಕ್ಷರ ಬೀಗರ ಊರೂ ಅಫಜಲಪುರದ ಕಡೆಯೇ. ಅವರಿಂದ ಮಾತು ಗಂಡಿನ ಮನೆ ಮುಟ್ಟಿತು. ಹೆಣ್ಣಿನವರು ತಾವೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ ಅಂತ ಅವರು ಹಿಗ್ಗಿ, ಸೀರೆ, ಸಕ್ಕರೆ ಕಟ್ಟಿಕೊಂಡು ಬಂದೇ ಬಿಟ್ಟರು. ಈಗ ಒಲ್ಲೆ ಅಂದರೆ ಒಮ್ಮೆ ಗಟ್ಟಿಯಾಗಿ ಮುರಿದ ಹುಡುಗಿ ಅನ್ನುತ್ತಾರೆ. ನೌಕರಿಯೂ ಇಲ್ಲ, ಇನ್ನು ಮನೆ ಅಳಿಯ ಯಾವ ನೆವಕ್ಕೆ? ಅವಳಪ್ಪ ತಲೆ ಬಗ್ಗಿಸಿ ಸಕ್ಕರೆ ತೆಗೆದುಕೊಂಡ.

ಅರಿಶಿನದ ಹಿಂದಿನ ದಿನ ಅವಳು ಗ್ರಂಥಾಲಯಕ್ಕೆ ಬಂದಳು. ಕೀಲಿ ಕೈ ಅವಳ ಹತ್ತಿರವೇ ಉಳಿದಿತ್ತು, ಅದನ್ನು ಸೆರಗಿನ ತುದಿಯಿಂದ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಯಾವ ಮನೆಯ ಹೆಂಗಸಿಗೆ ಎಂಥ ಪುಸ್ತಕ ಸೇರುತ್ತದೆ ಅಂತ ಬಾಯಿಪಾಠ ಮಾಡಿಸಿದಳು.

“ಯಾರೋ ಬಾಯಿ ಬಿಟ್ಟಾರ ಜಗ್ಗಿ. ಯಾರಂತ ಗೊತ್ತಾಗಿದ್ರ—” ಅಂದಳು. ಗೊತ್ತಾಗಿದ್ದರೆ ಏನು ಮಾಡುತ್ತಿದ್ದಳು? ಆ ಅರ್ಧ ಮಾತು ನನ್ನ ಎದೆಯಲ್ಲಿ ಕೂತಿತು. ಕೀಲಿ ಕೈಯನ್ನು ನನ್ನ ಸೆರಗಿಗೆ ಕಟ್ಟಿಕೊಂಡೆ. ಆಗ ಹೇಳಬಹುದಿತ್ತು. ಹೇಳಿದ್ದರೆ ಮದುವೆ ನಿಲ್ಲುತ್ತಿತ್ತು, ನನ್ನ ನೌಕರಿಯೂ ಹೋಗುತ್ತಿತ್ತು. ಹೇಳಲಿಲ್ಲ.

ಆಮೇಲೆ ನಾನು ಮೇಲೆ ಬಂದೆ. ಗೌರವಧನದ ಕೆಲಸ ಮಾಡುತ್ತಲೇ ಪದವಿ ಮುಗಿಸಿದೆ, ಗ್ರಂಥಾಲಯ ವಿಜ್ಞಾನ ಓದಿದೆ, ಇಲಾಖೆಗೆ ಸೇರಿದೆ. ಒಂದೊಂದು ಮೆಟ್ಟಿಲು ಏರುವಾಗಲೂ ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗುತ್ತಾರೆ ಅನ್ನಿಸುತ್ತಿತ್ತು. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲು ಒಮ್ಮೆ ಉಗುಳು ನುಂಗುತ್ತೇನೆ. ಮನೆಯವರು ನನಗೆ ಪುಕ್ಕಲಿ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಜೇವರ್ಗಿಯ ನಮ್ಮ ಓದುವ ಕೋಣೆ ಬೆಳಿಗ್ಗೆಯೇ ತುಂಬುತ್ತದೆ. ಇಜೇರಿಯಿಂದ, ಇನ್ನೆಲ್ಲಿಂದಲೋ ಬಂದು ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು. ಈ ವರ್ಷ ಅವರ ನಡುವೆ ಒಬ್ಬಳು ಹೊಸಬಳು. ಪುಸ್ತಕ ತಿರುಗಿ ಕೊಡುವಾಗ ಒಮ್ಮೆ ಮೆಲ್ಲಗೆ ಒದರಿ ಕೊಡುತ್ತಿದ್ದಳು. ಹಿಟ್ಟಿಲ್ಲದ ಪುಸ್ತಕವನ್ನು ಯಾಕೆ ಒದರುತ್ತಾಳೆ ಅಂತ ನೋಡಿದ ಕೂಡಲೇ ನಮ್ಮೂರ ಗಿರಣಿ ನನ್ನ ಕಣ್ಣ ಮುಂದೆ ಬಂತು. ಹೆಸರು ಕೇಳಲಿಲ್ಲ. ಹಲವು ವಾರ ಅವಳ ಮುಖ ನೋಡದೆ ಪುಸ್ತಕ ಕೊಟ್ಟೆ, ತೆಗೆದುಕೊಂಡೆ. ಕೊನೆಗೆ ಅವಳೇ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಮೇಡಂ, ನಾ ಭಾಗ್ಯಶ್ರೀ. ಮಾನಂದಾನ ಮಗಳು. ಚಿಗವ್ವ ಅಂತ ಕರೀಲೇನ್ರಿ? ಅವ್ವ ಹಂಗೇ ಕರಿ ಅಂದಾಳ.”

ಚಿಗವ್ವ ಅಂದರೆ ಅವ್ವನ ತಂಗಿ. ಏನಂದೆನೋ ನೆನಪಿಲ್ಲ. ಅವಳ ಊರಿನ ಗ್ರಂಥಾಲಯದ ಜಾಗ ಖಾಲಿಯಾಗಿತ್ತು, ಅರ್ಜಿ ಹಾಕಿದ್ದಳು. ಮನೆಯಲ್ಲಿ ಗಂಡು ನೋಡುತ್ತಿದ್ದರು, ಅವಳು ಒಲ್ಲೆ ಅಂದಿದ್ದಳು, ತಾಯಿ ಅವಳ ಬೆನ್ನಿಗೆ ನಿಂತಿದ್ದಳು. ಎಲ್ಲ ಒಂದೇ ಉಸಿರಿಗೆ ಹೇಳಿದಳು.

“ಅವತ್ತ ಪಂಚಾಯತ್ಯಾಗ ನೀವು ಅವ್ವನ ಪರ ಮಾತಾಡಿದ್ರಂತ ಚಿಗವ್ವ. ಆಕಿ ನಸೀಬಿನಾಗ ಇರ್ಲಿಲ್ಲ. ನನ್ನ ಪರಾನೂ ಒಂದ್ ಮಾತು ಹೇಳ್ರಿ. ಸೋಮವಾರ ಅವ್ವನೂ ಬರಾಕತ್ತಾಳ, ನಿಮ್ಮನ್ನ ನೋಡಾಕ.”

ಸೋಮವಾರದವರೆಗೆ ಹೇಗಿದ್ದೆ ಅಂತ ಕೇಳಬೇಡಿ. ರಜೆ ಚೀಟಿ ಬರೆದೆ, ಹರಿದೆ. ತಾಯಿಯ ಮನೆಗೆ ಓಡಿಹೋಗುವ ಯೋಚನೆ ಮಾಡಿದೆ, ಈ ವಯಸ್ಸಿನಲ್ಲಿ! ಹಾಗೇ ಸುಮ್ಮನಿದ್ದು, ಆಗಲಿ ಮಾನಂದಾ, ಒಂದು ಮಾತು ಹೇಳುತ್ತೇನೆ ಅಂದುಬಿಡುವುದೂ ಸುಲಭವಿತ್ತು. ಅವಳು ಮತ್ತೆ ನನಗೆ ಋಣಿಯಾಗುತ್ತಿದ್ದಳು. ಅದನ್ನು ನೆನೆದಾಗ ಮಾತ್ರ ನನಗೆ ನನ್ನದೇ ಹೆದರಿಕೆ ಆಯಿತು.

ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು— ಇಲ್ಲಿ ಯಾರೂ ಬಿಡುವುದಿಲ್ಲ, ನಮ್ಮೂರಲ್ಲಿ ಅವಳು ಬಿಡುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿದೆ. ನನ್ನ ಕಡೆ ಬರುವ ಮೊದಲು ಮೇಜಿನ ಮೇಲೆ ಚೆಲ್ಲಾಡಿದ್ದ ಪತ್ರಿಕೆಗಳನ್ನು ಜೋಡಿಸಿ, ಅಂಚು ಸರಿ ಮಾಡಿ ಇಟ್ಟಳು. ಆಮೇಲೆ ನನ್ನ ಎರಡೂ ಕೈ ಹಿಡಿದು ನಕ್ಕಳು. ಇಷ್ಟು ವರ್ಷ ನಾನು ಯಾವ ನಗುವಿಗೆ ಅಂಜಿದ್ದೆನೋ ಅದೇ.

ಅವಳನ್ನು ಒಳಗೆ, ಪುಸ್ತಕದ ರ್ಯಾಕುಗಳ ಹಿಂದೆ ಕರೆದುಕೊಂಡು ಹೋದೆ.

“ಅವತ್ತ ನಿನ್ನ ಮದುವಿ ಗಟ್ಟಿ ಆಗ್ಯಾದ ಅಂತ ಅಧ್ಯಕ್ಷರಿಗಿ ಹೇಳ್ದಾಕಿ ನಾನೇ, ಮಾನಂದಾ.”

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಭುಜ ಕುಗ್ಗಿಸಿ ನಿಂತಿದ್ದೆ. ಅವಳು ನನ್ನ ಕೈ ಬಿಟ್ಟಳು.

“ನಾ ಬಾಜೂ ಖೋಲ್ಯಾಗ ಇದ್ದೆನಲ್ಲ ಬೇ,” ಅಂದಳು. “ನಿನಗಂತ ಚಾ ಮಾಡಾಕತ್ತಿದ್ದೆ.”

ನನಗೆ ಅಳು ಬಂತು. ಅಳಬಾರದು ಅಂತ ತುಟಿ ಕಚ್ಚಿ ಹಿಡಿದೆ. ಅಳುವುದು ಅವಳ ಹಕ್ಕು, ನನ್ನದಲ್ಲ. ಅವಳು ಅಳಲಿಲ್ಲ.

“ನನ್ನ ಮಗಳ ಬಗ್ಗೆ ಯಾರಾರ ಕೇಳಿದ್ರ ನೀ ಬಾಯಿ ತಗೀಬ್ಯಾಡ. ಛಲೋನೂ ಹೇಳಬ್ಯಾಡ.”

ಅಷ್ಟೇ ಅಂದಳು. ಓದುವ ಕೋಣೆಗೆ ಹೋಗಿ ಮಗಳ ಚೀಲ ಎತ್ತಿಕೊಂಡಳು. ಅಷ್ಟರಲ್ಲಿ ಯಾರೋ ಪತ್ರಿಕೆಗಳನ್ನು ಮತ್ತೆ ಹರವಿದ್ದರು. ದಾಟುವಾಗ ಅವಳ ಕೈ ಅತ್ತ ಹೋಯಿತು, ಅರ್ಧಕ್ಕೆ ನಿಂತಿತು. ಹಾಗೇ ಬಿಟ್ಟು ಹೊರಗೆ ಹೋದಳು. ಹುಡುಗಿ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ತಾಯಿ ಅವಳಿಗೆ ಏನು ಹೇಳಿದಳೋ, ಏನೂ ಹೇಳಲಿಲ್ಲವೋ, ನನಗೆ ಗೊತ್ತಿಲ್ಲ. ಅವಳು ಕೂಡುತ್ತಿದ್ದ ಕುರ್ಚಿ ಈಗ ಖಾಲಿ.

ಹೇಳಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರಲ್ಲ, ನನಗೆ ಆಗಿಲ್ಲ. ಅಂಜಿಕೆ ಹೋಗಿಲ್ಲ. ಕ್ಷಮಿಸು ಅಂತ ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಗಿರಣಿಯಲ್ಲಿ ಪುಸ್ತಕ ಕೊಟ್ಟವಳು ನಾನಲ್ಲ ಅಂತ ಶಾಲು ಹೊದಿಸಿದ ಇಲಾಖೆಯವರ ಮುಂದೆ ಹೋಗಿ ಹೇಳಬೇಕು. ಅದಕ್ಕೂ ಭಯ. ಆದರೆ ಹೋಗುತ್ತೇನೆ.

ನಿನ್ನೆ ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಉಗುಳು ನುಂಗಿ ಎತ್ತಿದೆ. ಭಾಗ್ಯಶ್ರೀಯ ಊರಿನ ಪಂಚಾಯಿತಿಯವರು. ಬಹಳ ಮರ್ಯಾದೆಯಿಂದ ಮಾತಾಡಿದರು.

“ಆ ಭಾಗ್ಯಶ್ರೀ ಅನ್ನೋ ಹುಡುಗಿ ನಿಮ್ಮಲ್ಲೇ ಓದ್ತಿದ್ಲಂತಲ್ರಿ ಮೇಡಂ. ಛಲೋ ಹುಡುಗಿ ಅದಾಳ ಅಂತಾರ. ಮತ್ತ ಆಕೀದು ಮದುವಿ ಗಿದುವಿ ಎಲ್ಲ್ಯಾರ ಗಟ್ಟಿ ಆಗ್ಯಾದೇನ್ರಿ?”

ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಆಕೀನ್ನೇ ಕೇಳ್ರಿ,” ಅಂದೆ.

ಇಷ್ಟೇ ಮಾತು. ಅವತ್ತೂ ಇಷ್ಟೇ ಅನ್ನಬಹುದಿತ್ತು, ಮಹಾನಂದಾ ಪಕ್ಕದ ಕೋಣೆಯಲ್ಲೇ ಇದ್ದಳು.