ನಮ್ಮ ಮನೆಯ ಶರಣೆಗೆ ಕಬ್ಬಿಣದ ಔಷಧಿ

ನನ್ನ ಮಗಳು ಒಂದನೆಯ ಕ್ಲಾಸಿಗೆ ಸೇರಿದ ವರ್ಷ, ಅವಳ ಹಲ್ಲಿನ ಗುರುತಿಲ್ಲದ ಕೈ ಆ ಕ್ಲಾಸಿನಲ್ಲಿ ಇರಲಿಲ್ಲ. ಇದೇನು ಅತಿಯಾಯಿತು ಅಂತೀರಾ? ಇರಬಹುದು. ಆದರೆ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಮುಂಗೈ ಮೇಲಿನ ಗುರುತನ್ನು ನಾನೇ ಕಣ್ಣಾರೆ ಕಂಡೆ. ಒಡೆದ ಬಳೆಯ ಚೂರಿನ ಹಾಗೆ ಬಾಗಿ, ಕೆಂಪಗೆ ಎದ್ದಿತ್ತು. ಆ ಹುಡುಗಿಯ ತಾಯಿ ನನ್ನ ಎದುರಿಗೇ ಮಗಳನ್ನು ಎಬ್ಬಿಸಿ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ನನ್ನ ಮಗಳು ಅಷ್ಟುದ್ದದ ಬೆಂಚಿನಲ್ಲಿ ಒಬ್ಬಳೇ ಕಾಲಾಡಿಸುತ್ತಾ ಕೂತಳು.

ಟೀಚರು ಒಳ್ಳೆಯವರು. ಬೈಯಲಿಲ್ಲ, ಅದೇ ನನಗೆ ಇನ್ನೂ ಭಯವಾದದ್ದು. "ನೋಡ್ರಮ್ಮಾ, ಕಾರ್ತಿಕ ಮುಗಿಯೋತನ ನೋಡ್ತೀನ್ರಿ. ಆಮ್ಯಾಲೂ ಹಿಂಗೇ ಇದ್ರ ಟಿ.ಸಿ. ತಗೊಂಡು ಬ್ಯಾರೆ ಎಲ್ಲಾದ್ರೂ ಹಾಕ್ರಿ. ಉಳಿದ ಮಕ್ಕಳ ತಂದೆತಾಯಿಗೆ ನಾ ಏನಂತ ಹೇಳ್ಲಿ?" ಅಂದರು. ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗದಲ್ಲಿ ಶಾಲೆಗಳಿಗೇನು ಬರವಿಲ್ಲ. ಆದರೆ ಕಚ್ಚುವ ಹುಡುಗಿ ಅನ್ನುವ ಹೆಸರು ಟಿ.ಸಿ.ಗಿಂತ ಮುಂಚೆ ಹೊಸ ಶಾಲೆ ಸೇರಿಬಿಡುತ್ತದೆ. ಆರು ವರ್ಷದ ಕೂಸಿಗೆ ಅಂಥ ಹೆಸರು ಅಂಟಿಬಿಟ್ಟರೆ ತೊಳೆಯುವವರು ಯಾರು?

ಮನೆಗೆ ಬಂದು ಅತ್ತೆಗೆ ಹೇಳಿದೆ. "ಸಿಟ್ಟು ಎಲ್ಲಿಂದ ಬಂತು ಅಂತ ಕೇಳಬ್ಯಾಡವ್ವಾ, ಮಡಕಶಿರದಿಂದ ಬಸ್ ಹತ್ತಿ ಬಂದೈತಿ" ಅಂದು ನನ್ನ ಮೂಗು ನೋಡಿ ನಕ್ಕರು. ನನ್ನ ತವರು ಮಡಕಶಿರ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಸುಳ್ಳಲ್ಲ. ಆದರೂ ನಾನು ಯಾರನ್ನೂ ಕಚ್ಚಿದವಳಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಡಬ್ಬಿಗಳ ಮೆರವಣಿಗೆ. ಮಕ್ಕಳ ಹಟ ಇಳಿಸುತ್ತದೆ, ಬುದ್ಧಿ ಏರಿಸುತ್ತದೆ ಅಂತ ಯಾರು ಏನು ಹೇಳಿದರೂ ಅದು ನಮ್ಮ ಅಡುಗೆಮನೆಯ ಶೆಲ್ಫಿಗೆ ಬಂದು ಕೂತಿತು. ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿ ಬಂತು. ಅದನ್ನು ಕುಡಿದ ಸಂಜೆ ಮಗಳು ಬೀರುವಿನ ಮೇಲೆ ಹತ್ತಿದ್ದಳು. ನಾದಿನಿ ಫೋನಿನಲ್ಲಿ ನೋಡಿ ಕರಡಿಯ ಆಕಾರದ ಬಣ್ಣಬಣ್ಣದ ವಿಟಮಿನ್ ಮಿಠಾಯಿ ತರಿಸಿಕೊಟ್ಟಳು. ಒಂದೇ ದಿನಕ್ಕೆ ಬಾಟಲಿ ಖಾಲಿ. ಗಾಬರಿಯಿಂದ ಕೇಳಿದರೆ, "ಕ್ಲಾಸಿನ್ಯಾಗ ಎಲ್ಲಾರಿಗೂ ಒಂದೊಂದು ಕೊಟ್ಟೆ. ತಿಂದು ಹೋದ್ರು. ಯಾರೂ ನನ್ ಜತಿ ಕುಂಡ್ರಲಿಲ್ಲ" ಅಂದಳು. ಬೈಯಲು ಎತ್ತಿದ್ದ ಕೈ ಹಾಗೇ ಅವಳ ತಲೆ ಸವರಿತು.

ನಮ್ಮ ಮನೆಯವರದು ಬಟ್ಟೆ ಅಂಗಡಿ. ಪ್ಯಾಂಟು ಕೊಳ್ಳಲು ಬಂದ ಗಿರಾಕಿಯೊಬ್ಬರು ಮೆದುಳಿಗೆ ಒಳ್ಳೆಯದು ಅಂತ ಹಳದಿ ಕ್ಯಾಪ್ಸೂಲಿನ ಬಾಟಲಿ ಕೊಟ್ಟರಂತೆ. ಇವರು ಖುಷಿಯಿಂದ ತಂದು ಅತ್ತೆಯ ಕೈಗೇ ಇಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಚೀಟಿಯ ಮೂಲೆಯಲ್ಲಿ ಒಂದು ಮೀನು ಬಾಲ ಎತ್ತಿಕೊಂಡು ಈಜುತ್ತಿತ್ತು! "ಅಯ್ಯಯ್ಯೋ ಶಿವನೇ, ಲಿಂಗ ಕಟ್ಟಿದ ಮನಿಗೆ ಮೀನಿನ ಎಣ್ಣಿ ತಂದಾನಲ್ಲೋ!" ಅಂತ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಓಡಿದರು. ಅವತ್ತು ಶೆಲ್ಫು, ಅಡುಗೆಮನೆ, ನಮ್ಮ ಮನೆಯವರ ಅಂಗಿ, ಎಲ್ಲಕ್ಕೂ ಸ್ನಾನ.

ಇಷ್ಟು ಗದ್ದಲದ ನಡುವೆ ಮಗಳು ಗಪ್ಪಾಗಿ ಕೂರುತ್ತಿದ್ದ ಜಾಗ ಒಂದೇ ಒಂದು, ದೇವರ ಮನೆ. ಶ್ರಾವಣದಿಂದ ಹಿಡಿದದ್ದು ಅದು. ಬೆಳಿಗ್ಗೆ ಅಜ್ಜಿ ಪೂಜೆಗೆ ಕೂತರೆ ಇವಳೂ ಬೆನ್ನ ಹಿಂದೆ ಹೋಗಿ ಕೂರುವಳು. ಅಜ್ಜಿ ಕಣ್ಣು ಮುಚ್ಚಿ ಅಂಗೈ ಮೇಲಿನ ಲಿಂಗಕ್ಕೆ ಪೂಜೆ ಮಾಡುವಷ್ಟು ಹೊತ್ತು ಉಸಿರೂ ಕೇಳಿಸುತ್ತಿರಲಿಲ್ಲ. ಎದ್ದು ಬರುವಾಗ ಹಣೆ, ಕೆನ್ನೆ, ತುಟಿ ಎಲ್ಲ ಬೆಳ್ಳಗೆ. ಅತ್ತೆಯ ಸಂಭ್ರಮ ಏನು ಕೇಳುತ್ತೀರಿ! "ನಮ್ಮ ಮನಿಯಾಗ ಶರಣೆ ಹುಟ್ಟ್ಯಾಳ. ನಾಲಿಗಿ ಮ್ಯಾಲೂ ವಿಭೂತಿ ಹಚ್ಕೊಂತಾಳ ನೋಡ್ರಿ" ಅಂತ ಓಣಿಗೆಲ್ಲ ಹೇಳಿದರು. ವಿಭೂತಿ ಗಟ್ಟಿ ಬೇಗ ಬೇಗ ಸವೆಯುತ್ತಿದ್ದದ್ದಕ್ಕೂ ಹೆಮ್ಮೆ. ಎದುರುಮನೆಯಾಕೆ ಬಾಗಿಲಲ್ಲಿ ನಿಂತು, "ಶರಣೆ ಕಚ್ತಾಳಂತಲ್ರಿ ಸಾಲ್ಯಾಗ?" ಅಂದರೆ, "ಯಾಕ, ಶರಣರಿಗೆ ಸಿಟ್ಟು ಬರಬಾರದೇನು?" ಅಂತ ಅತ್ತೆ ತಿರುಗಿ ಕೇಳಿದರು. ನನಗೂ ಅನುಮಾನ ಬರಲಿಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಮಗಳು ಸುಮ್ಮನಿದ್ದಾಳಲ್ಲ, ಯಾವ ದೇವರ ಪುಣ್ಯವೋ ಅಂದುಕೊಂಡೆ.

ದಸರಾ ರಜೆಗೆ ತವರಿಗೆ ಹೋದೆವು. ಮಾರನೆಯ ಬೆಳಿಗ್ಗೆ ನನ್ನ ತಾಯಿ ಮೊಮ್ಮಗಳಿಗೆ ತಲೆಗೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿದರು. ಹುಡುಗಿ ತಟ್ಟೆಗೆ ಬೆರಳು ಹಾಕಿ, ನೆಕ್ಕಿ, ಮುಖ ಹಿಂಡಿದಳು.

"ಥೂ! ನಿಮ್ಮನಿ ವಿಭೂತಿ ಚಲೋ ಇಲ್ಲಜ್ಜಿ."

"ಏನಂದೆ ಮಗಾ?"

"ನಮ್ಮನೀದು ಕಡಿಯಾಕ ಗರಿಗರಿ ಇರ್ತೈತಿ. ಇದು ಬರೇ ಪುಡಿ."

ನನ್ನ ತಾಯಿಯ ಕೈ ಅಲ್ಲೇ ನಿಂತಿತು. ತಿರುಗಿ ನನ್ನನ್ನು ನೋಡಿದ ನೋಟ ಇದೆಯಲ್ಲ, ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಚಿಕ್ಕ ಹುಡುಗಿಯಾಗಿಬಿಟ್ಟೆ. "ಏನೇ ಇದು? ಮಗೀಗೆ ಅನ್ನ ಹಾಕ್ತೀಯೋ ಬೂದಿ ಹಾಕ್ತೀಯೋ?"

ನನಗೆ ಮೊದಲು ನಗು ಬಂತು. ತಡೆಯಲಾರದ ನಗು. ಓಣಿ ತುಂಬ ಹೊಗಳಿಸಿಕೊಂಡ ನಮ್ಮ ಶರಣೆ ಕೂತು ತಿಂದದ್ದು ಅಜ್ಜಿಯ ವಿಭೂತಿ! ನಗುತ್ತಾ ನಗುತ್ತಾ ಹಾಗೇ ಅಳು ಬಂತು. ತಾಯಿ ಮಗಳನ್ನು ಬೆಳಕಿಗೆ ತಿರುಗಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಸುಮ್ಕಿರೇ, ಅಳಬ್ಯಾಡ. ಮಗು ಬಿಳಿಚ್ಕೊಂಡೈತೆ ಕಣೆ. ನಡಿ, ಹಿಂದೂಪುರಕ್ಕೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡು ಬರಾನ" ಅಂದರು.

ಮಕ್ಕಳ ಡಾಕ್ಟರು ನನ್ನನ್ನು ಬಿಟ್ಟು ಮಗಳನ್ನೇ ಕೇಳಿದರು, ಏನೇನು ತಿನ್ನುತ್ತೀ ಅಂತ. ಅವಳೋ, ಹೊಗಳಿಸಿಕೊಳ್ಳಲು ಬಂದವಳ ಹಾಗೆ ಹೇಳುತ್ತಾ ಹೋದಳು. ವಿಭೂತಿ, ಸೀಮೆಸುಣ್ಣ, ಗೋಡೆಯ ಸುಣ್ಣ, ಅಡುಗೆಮನೆ ಶೆಲ್ಫಿನ ಡಬ್ಬಿಗಳ ಪುಡಿ, ಮಿಠಾಯಿ, ಅಜ್ಜಿಯ ಸಾಸರಿನಲ್ಲಿ ದಿನಾ ಎರಡು ಸಲ ಚಹಾ. ಒಂದೊಂದು ಹೆಸರಿಗೂ ನಾನು ಕುರ್ಚಿಯಲ್ಲಿ ಒಂದೊಂದು ಗೇಣು ಇಳಿದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ ತುಂಬಾ ಕಡಿಮೆ ಅಂತ ಬಂತು. ಹಾಗಾದಾಗ ಕೆಲವು ಮಕ್ಕಳಿಗೆ ಮಣ್ಣು, ಸುಣ್ಣ ತಿನ್ನುವ ಆಸೆ ಹುಟ್ಟುತ್ತದಂತೆ. ಸುಸ್ತು, ಕಿರಿಕಿರಿ, ಮುಟ್ಟಿದರೆ ಸಿಟ್ಟು, ಅದೂ ಇರುತ್ತದಂತೆ. ಡಾಕ್ಟರು ಒಂದು ಸಿರಪ್ ಬರೆದರು. ನಿಂಬೆ ಪಾನಕದ ಜೊತೆ ಕೊಡಬೇಕು, ಹಾಲು ಚಹಾ ಹತ್ತಿರ ಸುಳಿಯಬಾರದು, ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚಾದರೂ ಅಪಾಯ, ಬಾಟಲಿ ಕೂಸಿನ ಕೈಗೆ ಸಿಗದ ಹಾಗೆ ಇಡಿ ಅಂದರು.

"ಇದನ್ನ ಕುಡಿದ್ರೆ ಕಚ್ಚೋದು ಬಿಡ್ತಾಳಾ ಸಾರ್?" ಅಂದೆ.

"ಇದು ರಕ್ತಕ್ಕೆ ಔಷಧಿ ಅಮ್ಮಾ, ತುಂಟತನಕ್ಕಲ್ಲ. ಮೈ ಹಗುರಾದ್ರೆ ಸಿಟ್ಟೂ ಕಮ್ಮಿ ಆಗಬಹುದು. ಕಚ್ಚಬಾರದು ಅಂತ ಕಲಿಸೋ ಕೆಲಸ ಮಾತ್ರ ನಿಮ್ದೇ. ಆ ಶೆಲ್ಫಿನ ಡಬ್ಬಿಗಳನ್ನೆಲ್ಲ ಮೊದಲು ತೆಗೀರಿ" ಅಂದರು.

ಮನೆಯವರಿಗೆ ಫೋನ್ ಮಾಡಿದೆ. "ಅಲ್ಲ, ಓಬಳಾಪುರದ ಗಣಿ ಕಡಿ ನೋಡಿದ್ರ ಗುಡ್ಡಗುಡ್ಡನೇ ಕಬ್ಬಿಣ. ಆ ಕೆಂಪು ಧೂಳು ನಮ್ಮ ಅಂಗಡಿಗೆ ಬರೋರ ಚಪ್ಪಲಿಗೂ ಇರ್ತೈತಿ. ನಮ್ಮ ಕೂಸಿಗೇ ಕಬ್ಬಿಣ ಕಡಿಮಿ ಅಂದ್ರ ಯಾರರ ನಂಬ್ತಾರೇನು?" ಅಂದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾನು ಹುಚ್ಚಿಯ ಹಾಗೆ ನಕ್ಕೆ. ಉಳಿದ ರಜೆಯೆಲ್ಲ ನನ್ನ ತಾಯಿ ರಾಗಿ ಮುದ್ದೆ, ಹುರುಳಿಕಾಳು ಸಾರು, ಬೆಲ್ಲ ಹಾಕಿದ ಕಡ್ಲೆಕಾಯಿ ಉಂಡೆ ಅಂತ ಮೊಮ್ಮಗಳ ಹಿಂದೆಯೇ ಓಡಾಡಿದರು. ಇವಳು ಶೇಂಗಾ ಅನ್ನುವುದು, ಅವರು ಕಡ್ಲೆಕಾಯಿ ಅನ್ನುವುದು, ಅದೇ ಒಂದು ಜಗಳ, ಅದೇ ಒಂದು ಆಟ.

ಆದರೆ ಅತ್ತೆಗೆ ಹೇಳುವುದು ಹೇಗೆ? ಪಾಪ, ಓಣಿಯಲ್ಲಿ ಎಷ್ಟು ಮೆರೆದಿದ್ದರು. ರಾಯದುರ್ಗಕ್ಕೆ ಬಂದವಳೇ ಅವರನ್ನು ದೇವರ ಮನೆಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅತ್ತೆ ವಿಭೂತಿಯ ಡಬ್ಬಿ ತೆರೆದು ಗಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ಹಲ್ಲಿನ ಗುರುತು!

"ಇಲಿ ಕಡದೈತಿ ಅಂತ ತಿಳ್ಕೊಂಡಿದ್ನಲ್ಲೇ ಯವ್ವಾ! ನಿನ್ನೆ ಇಲಿಬೋನು ತರಿಸೀನಿ!" ಅಂದವರೇ ನಗಲು ಶುರು ಮಾಡಿದರು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನಾನೂ ಪಕ್ಕದಲ್ಲಿ ಕುಸಿದು ಕೂತೆ. ಇಬ್ಬರೂ ಕಣ್ಣು ಒರೆಸಿಕೊಂಡಾದ ಮೇಲೆ, "ಕೂಸು ಬೂದಿ ತಿಂತಿದ್ರೂ ಕಣ್ ಮುಚ್ಚಿ ಕುಂತಿದ್ನಲ್ಲ ನಾನು" ಅಂತ ಮೆಲ್ಲಗೆ ಅಂದರು. ಅವರ ಕೈ ಹಿಡಿದುಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ಡಬ್ಬಿ ಅಟ್ಟ ಸೇರಿತು, ದಿನದ ಪೂಜೆಗೆ ಚಿಟಿಕೆ ಪುಡಿ ಮಾತ್ರ ತಟ್ಟೆಯಲ್ಲಿ ಉಳಿಯಿತು. ಎದುರುಮನೆಯಾಕೆ, ಶರಣೆ ಹೆಂಗದಾಳ್ರಿ ಅಂದಾಗ ಅತ್ತೆ ಸೋಲಲಿಲ್ಲ. "ಮೊದ್ಲು ಹೊಟ್ಟ್ಯಾಗ ಹಚ್ಕೊಂತಿದ್ಲು, ಈಗ ಹಣಿಗೆ ಹಚ್ಕೊಂತಾಳ" ಅಂದರು.

ಅಂದಿನಿಂದ ಸಿರಪ್ ನನ್ನ ಕೆಲಸ, ನಿಂಬೆಹಣ್ಣು ಅತ್ತೆಯದು. ಮೊಮ್ಮಗಳಿಗೆ ಕಾಣಿಸಬಾರದು ಅಂತ ಅವರು ಹಿತ್ತಲ ಬಚ್ಚಲ ಹಿಂದೆ ನಿಂತು ಕದ್ದು ಚಹಾ ಕುಡಿಯುವುದನ್ನು ನೋಡಬೇಕಿತ್ತು! ಕಚ್ಚುವ ಬದಲು ಬಾಯಿಬಿಟ್ಟು ಹೇಳಬೇಕು ಅಂತ ನಾನು ಕಲಿಸಿದೆ. ಸಿಟ್ಟು ಬಂತೋ, ಮುಷ್ಟಿ ಕಟ್ಟು, "ನನಗ ಸಿಟ್ಟು ಬಂದೈತಿ" ಅನ್ನು, ದೊಡ್ಡವರ ಹತ್ತಿರ ಹೋಗು. ಅವಳು ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದ ಗಿರಾಕಿಯ ಮುಂದೆ ನಿಂತು, "ನನಗ ಸಿಟ್ಟು ಬಂದೈತಿ!" ಅಂತ ಕೂಗಿದಳಂತೆ. ಆತ ಕೇಳಿದ ಬೆಲೆ ಕೊಟ್ಟು ಹೋದನಂತೆ. ನಮ್ಮ ಮನೆಯವರು ಅವತ್ತಿನಿಂದ ಅವಳನ್ನು ದಿನಾ ಸಂಜೆ ಅಂಗಡಿಗೆ ಕಳಿಸು ಅಂತ ಹಟ ಹಿಡಿದರು.

ನಿಧಾನಕ್ಕೆ ಕೆನ್ನೆಗೆ ಬಣ್ಣ ಬಂತು. ಎರಡನೆಯ ಸಲ ಅನ್ನ ಕೇಳಿದಳು. ಹೋಂವರ್ಕ್ ಮಾಡುತ್ತಾ ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಸಿರಪ್ಪಿನಿಂದ ಹಲ್ಲು ಮಾತ್ರ ಕಪ್ಪಾದವು. ಔಷಧಿ ನಿಂತ ಮೇಲೆ ಸರಿಹೋಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಶಾಲೆಯಿಂದ ದೂರೂ ಕಡಿಮೆಯಾಯಿತು. ಆದರೂ ಆ ಬೆಂಚಿನಲ್ಲಿ ಅವಳು ಒಬ್ಬಳೇ. ಕಾರ್ತಿಕ ಮುಗಿಯುತ್ತಾ ಬಂದಿತ್ತು.

ಕಡೆಯ ಸೋಮವಾರ ಮಧ್ಯಾಹ್ನ ಟೀಚರ ಫೋನು. ಮನಸ್ಸು ಕಲಕಿದಾಗ ಅವರಿಗೆ ತೆಲುಗು ಬರುತ್ತದೆ. "ಒಕಸಾರಿ ರಂಡಮ್ಮಾ" ಅಂದರು, ಅಂದರೆ ಒಮ್ಮೆ ಬನ್ನಿ. "ಮೀ ಪಾಪ, ನಿಮ್ಮ ಮಗಳು, ಕಂಪಾಸ್ ಬಾಕ್ಸಿನ್ಯಾಗ ವಿಭೂತಿ ತಂದಾಳ್ರಿ."

ಫೋನು ಇಟ್ಟವಳೇ ಅಟ್ಟ ಹತ್ತಿ ನೋಡಿದೆ. ಅಟ್ಟದ ಡಬ್ಬಿ ಹಾಗೇ ಇತ್ತು. ಬೆಳಿಗ್ಗೆ ಅಜ್ಜಿ ಹಣೆಗೆ ಹಚ್ಚುವಾಗ ತಟ್ಟೆಯಿಂದ ಚಿವುಟಿರಬೇಕು. ಮತ್ತೆ ಶುರುವಾಯಿತಲ್ಲ ಅಂತ ಹಣೆ ಚಚ್ಚಿಕೊಳ್ಳುತ್ತಾ, ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕಿಕೊಂಡು ಓಡಿದೆ. ಟಿ.ಸಿ. ಕೈಗಿಟ್ಟರೆ ಏನು ಹೇಳಲಿ, ಯಾರ ಕಾಲು ಹಿಡಿಯಲಿ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಟೀಚರು ಬಾಗಿಲಲ್ಲೇ ನಿಂತಿದ್ದರು. ಬೆರಳು ತುಟಿಗಿಟ್ಟು, ಕಿಟಕಿ ತೋರಿಸಿದರು.

ನನ್ನ ಮಗಳ ಬೆಂಚಿನಲ್ಲಿ ಆ ಹುಡುಗಿ ಕೂತಿದ್ದಳು, ಕಚ್ಚಿಸಿಕೊಂಡಿದ್ದಳಲ್ಲ, ಅವಳೇ. ಮುಂಗೈ ಚಾಚಿದ್ದಳು. ಗುರುತು ಎಂದೋ ಮಾಸಿಹೋಗಿತ್ತು. ನನ್ನ ಮಗಳು ಕಾಗದದ ಪೊಟ್ಟಣದಿಂದ ಚಿಟಿಕೆ ವಿಭೂತಿ ತೆಗೆದು, ತಾನು ಬಿದ್ದಾಗ ಅಜ್ಜಿ ಹಚ್ಚುವ ಹಾಗೆಯೇ, ಅದೇ ಜಾಗಕ್ಕೆ ಹಚ್ಚಿ ಉಫ್ ಅಂತ ಊದಿದಳು. "ಈಗ ನೋವು ಐತೇನು?" ಅಂದಳು. "ಇನ್ನೊಂದ್ಸಲ ಊದು" ಅಂದಳು ಆಕೆ. ಅವರ ಹಿಂದೆ ನಾಲ್ಕಾರು ಮಕ್ಕಳು ಮೊಣಕೈ, ಮೊಣಕಾಲು, ಏನೂ ಆಗಿಲ್ಲದ ಬೆರಳು ಚಾಚಿಕೊಂಡು ಸಾಲು ನಿಂತಿದ್ದವು.

"ಬೈಯಬ್ಯಾಡ್ರಿ ಅಂತ ಹೇಳಾಕ ಕರದೆ. ನೀವೂ ನೋಡ್ರಿ ಅಂತ ಕರದೆ. ಟಿ.ಸಿ. ಅಂತ ನಾ ಆಡಿದ್ದು ಮರ್ತುಬಿಡ್ರಿ" ಅಂದರು ಟೀಚರು.

ಅಷ್ಟರಲ್ಲಿ ಮಗಳು ನನ್ನನ್ನು ಕಂಡಳು. ಪೊಟ್ಟಣ ಹಿಡಿದುಕೊಂಡೇ ಕಿಟಕಿಗೆ ಓಡಿಬಂದಳು. ಅಮ್ಮ ಯಾಕೆ ಬಂದಿದ್ದಾಳೆಂದು ಅವಳಿಗೆ ಗೊತ್ತಾಗಿತ್ತು.

"ಅಮ್ಮಾ, ನಾ ಒಂಚೂರೂ ತಿಂದಿಲ್ಲ, ನೋಡು" ಅಂತ ಸರಳಿನ ನಡುವೆ ಮುಖ ಇಟ್ಟು ಬಾಯಿ ಅಗಲಿಸಿದಳು. ನೋಡಿದೆ. ಕಪ್ಪು ಕಪ್ಪು ಹಲ್ಲು, ಕೆಂಪು ನಾಲಿಗೆ. ಬಿಳಿ ಒಂದು ಚುಕ್ಕೆಯೂ ಇರಲಿಲ್ಲ.